ಪಾಪಣ್ಣನ ಮೆಟ್ಟಿಲೋಟ

ಪಾಪಣ್ಣ ಎಂಬುದು ಅವನ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಯಾರ ಮುಖ ಸ್ವಲ್ಪ ಕೆಂಪಾಗಿದ್ದರೂ, ವಿಷಯ ಏನೆಂದು ವಿಚಾರಿಸುವ ಮೊದಲೇ, "ಅಯ್ಯೋ ಪಾಪ" ಎಂದುಬಿಡುವುದು ಅವನ ಚಾಳಿ. ಲಾಟರಿ ಹೊಡೆದವನ ಮನೆ ಮುಂದೆ ಜನ ಸೇರಿದ್ದನ್ನು ಕಂಡು ಒಳಗೆ ಹೋಗಿ ಗೊಳೋ ಎಂದು ಅತ್ತು ಬಂದವನು ಅವನು. ಮೊದಲು ಮರುಕ, ಆಮೇಲೆ ವಿಚಾರಣೆ. ಹೀಗಾಗಿ ಬೀದಿಯವರೆಲ್ಲ ಸೇರಿ ಅವನಿಗೆ ಎರಡನೇ ನಾಮಕರಣ ಮಾಡಿದ್ದರು. ಮೊದಲನೆಯದು ಏನಿತ್ತೋ, ಅವನ ಹೆಂಡತಿಗೂ ಥಟ್ಟನೆ ನೆನಪಾಗುತ್ತಿರಲಿಲ್ಲ.

ಅವನ ಕೆಲಸ ನೀರು ಹೊರುವುದು. ಬೀದಿಯ ತುದಿಯ ನೀರಂಗಡಿಯಿಂದ ಕುಡಿಯುವ ನೀರಿನ ದೊಡ್ಡ ಕ್ಯಾನನ್ನು ಹೆಗಲ ಮೇಲಿಟ್ಟುಕೊಂಡು ಎದುರಿನ ಹನ್ನೆರಡು ಮಹಡಿಯ ಕಟ್ಟಡದ ಮನೆಮನೆಗೂ ಮುಟ್ಟಿಸಬೇಕು. ಮೆಟ್ಟಿಲು ಹತ್ತಿ. ಅಂಥ ಕಟ್ಟಡದಲ್ಲಿ ಲಿಫ್ಟ್ ಇಲ್ಲವೇ ಎಂದು ಕೇಳಿ ಆ ಕಟ್ಟಡದವರಿಗೆ ಅವಮಾನ ಮಾಡಬೇಡಿ. ಒಂದಲ್ಲ, ಎರಡಿವೆ. ಮೊದಲನೆಯದರ ಪಕ್ಕದಲ್ಲಿ ಹಿತ್ತಾಳೆಯ ಫಲಕವಿದೆ: "ಕೆಲಸದವರು, ಸಾಮಾನು ತರುವವರು ಮತ್ತು ನಾಯಿಗಳು ಈ ಲಿಫ್ಟನ್ನು ಬಳಸತಕ್ಕದ್ದಲ್ಲ." ಈ ಫಲಕ ಹಾಕಿದಾಗ ನಿವಾಸಿಗಳ ಸಂಘದ ಸಭೆಯಲ್ಲಿ ದೊಡ್ಡ ಗಲಾಟೆಯಾಯಿತು. ಮೂಕಪ್ರಾಣಿಗಳು ಅಷ್ಟೊಂದು ಮೆಟ್ಟಿಲು ಹತ್ತಿದರೆ ಸೊಂಟ ಬಿದ್ದುಹೋಗುತ್ತದೆ ಎಂದು ಒಬ್ಬಾಕೆ ಬಿಕ್ಕಿ ಬಿಕ್ಕಿ ಅತ್ತರು. ಸಭೆ ಕರಗಿ ನೀರಾಯಿತು. ಅವತ್ತೇ ಸಂಜೆ 'ನಾಯಿಗಳು' ಎಂಬಲ್ಲಿ ಬಣ್ಣ ಬಳಿಯಲಾಯಿತು. ಮಿಕ್ಕ ಎರಡು ಬಗೆಯ ಪ್ರಾಣಿಗಳಿಗೆ ಬಾಯಿ ಇದ್ದುದರಿಂದ ಅವುಗಳ ಪರವಾಗಿ ಯಾರೂ ಮಾತಾಡಲಿಲ್ಲ.

ಎರಡನೆಯ ಲಿಫ್ಟು ಕೆಲಸದವರಿಗಾಗಿಯೇ ಇರುವುದು. ಅದು ಕೆಟ್ಟಿದೆ. ಅದು ಓಡಿದ್ದನ್ನು ಕಂಡವರು ಯಾರೂ ಈಗ ಕೆಲಸದಲ್ಲಿಲ್ಲ. ಅದರೊಳಗೆ ಸಂಘದ ಮುರುಕು ಕುರ್ಚಿಗಳನ್ನೂ, ಯಾರೋ ಆರೋಗ್ಯ ಸುಧಾರಿಸಿಕೊಳ್ಳಲು ತಂದು ಎರಡೇ ವಾರಕ್ಕೆ ಬೇಸತ್ತು ಬಿಟ್ಟ ಓಡುವ ಯಂತ್ರವನ್ನೂ ತುಂಬಿಟ್ಟಿದ್ದಾರೆ.

ಎಂಟು ವರ್ಷ ಹೊತ್ತ ಮೇಲೆ ಪಾಪಣ್ಣನ ಬಲ ಮಂಡಿ ಕೈಕೊಟ್ಟಿತು. ಹತ್ತುವಾಗ ಅದರೊಳಗೆ ಕಡಲೆ ಹುರಿದಂತೆ ಚಟಪಟ ಸದ್ದು. ದೊಡ್ಡಾಸ್ಪತ್ರೆಯಲ್ಲಿ ಅರ್ಧ ದಿನ ಕ್ಯೂ ನಿಂತು ಡಾಕ್ಟರ ಮುಂದೆ ಕೂತಾಗ ಅವರು ತಲೆ ಎತ್ತದೆ ಹೇಳಿದರು:

"ಮೆಟ್ಟಿಲು ಹತ್ತಬಾರದು. ಭಾರ ಎತ್ತಬಾರದು."

"ಮತ್ತೆ ಏನ್ ಮಾಡ್ಲಿ ಸಾರ್?"

"ಈಜಿ. ಮಂಡಿಗೆ ಈಜೋದು ಬಹಳ ಒಳ್ಳೇದು. ನೆಕ್ಸ್ಟ್."

ಪಾಪಣ್ಣ ಡಾಕ್ಟರ ಮುಖ ನೋಡಿದ. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. "ಅಯ್ಯೋ ಪಾಪ, ನಿದ್ದೆ ಇಲ್ಲ ಅವರಿಗೆ. ಏನೇನೋ ಮಾತಾಡ್ತಾರೆ," ಎಂದು ಹೊರಗೆ ಬಂದು ಹೆಂಡತಿಗೆ ವರದಿ ಒಪ್ಪಿಸಿದ.

ನೀರಂಗಡಿ ಯಜಮಾನ ಕಟುಕನೇನಲ್ಲ. ಬಹಳ ಮೃದುವಾಗಿಯೇ ಹೇಳಿದ: "ನೋಡು ಪಾಪಣ್ಣ, ನಿನ್ನ ಕಷ್ಟ ನಂಗೆ ಅರ್ಥ ಆಗುತ್ತೆ. ನಾಳೆ ಭಾನುವಾರ, ನಿಂಗೆ ರಜೆ. ಸಂಘದ ಸೆಕ್ರೆಟರಿ ಹತ್ರ ಹೋಗಿ ಲಿಫ್ಟಿಗೆ ಒಪ್ಪಿಗೆ ತಗೊಂಡ್ ಬಾ. ಇಲ್ಲ ಅಂದ್ರೆ ಸೋಮವಾರದಿಂದ ನಾನು ಬೇರೆ ಮಂಡಿ ನೋಡ್ಕೋತೀನಿ."

ಪಾಪಣ್ಣನ ಹೆಂಡತಿ ಕಟ್ಟಡದ ಕಾಂಪೌಂಡಿಗೆ ಒರಗಿಸಿದ ತಳ್ಳುಗಾಡಿಯ ಮೇಲೆ ಇಸ್ತ್ರಿ ಅಂಗಡಿ ಇಟ್ಟವಳು. ಆ ಕಟ್ಟಡದ ಜನರ ಅಂಗಿಗಳ ಸುಕ್ಕು ನೋಡಿಯೇ ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಹೇಳಬಲ್ಲವಳು. ಭಾನುವಾರ ಬೆಳಿಗ್ಗೆ ಅವಳು ಗಂಡನನ್ನು ಯುದ್ಧಕ್ಕೆ ಸಿದ್ಧಗೊಳಿಸಿದಳು.

"ಇದನ್ನ ಹಾಕ್ಕೊಳ್ಳಿ," ಎಂದು ಒಂದು ಕೆಂಪು ಟೀ ಶರ್ಟಿಗೆ ಗರಿಗರಿ ಇಸ್ತ್ರಿ ಮಾಡಿ ಕೊಟ್ಟಳು. ಹೋದ ವರ್ಷ ಸಂಘದವರು ತಾವು ಹಂಚಿಕೊಂಡು ಉಳಿದಿದ್ದನ್ನು ಕೆಲಸದವರಿಗೆಲ್ಲ ಹಂಚಿದ್ದರು. ಎದೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು: 'ನನ್ನ ಆರೋಗ್ಯ ನನ್ನದೇ ಜವಾಬ್ದಾರಿ.'

"ಇದ್ಯಾಕೆ?"

"ಅವರೇ ಕೊಟ್ಟಿದ್ದು ಅವರ ಮುಂದೆ ಹಾಕ್ಕೊಂಡು ಹೋದ್ರೆ ಮನಸ್ಸು ಕರಗುತ್ತೆ. ಕೈ ಬೀಸ್ಕೊಂಡು ಹೋಗ್ಬೇಡಿ. ಅವರ ಮನೆ ಕ್ಯಾನ್ ಹೊತ್ಕೊಂಡೇ ಹೋಗಿ. ಹೊತ್ತಿದ್ದು ಕಣ್ಣಿಗೆ ಕಾಣ್ಲಿ."

"ಏನ್ ಅಂತ ಕೇಳ್ಲಿ?"

"ಲಿಫ್ಟ್ ಬೇಕು ಅಂತ ಕೇಳಿ. ಅಲ್ಲಿ ಹೋಗಿ ಅವರಿಗೇ ಅಯ್ಯೋ ಪಾಪ ಅಂದ್ಕೊಂಡು ವಾಪಸ್ ಬಂದ್ರೋ, ಈ ಇಸ್ತ್ರಿಪೆಟ್ಟಿಗೇನ ಎಲ್ಲಿ ಇಡ್ತೀನಿ ಅಂತ ನಂಗೇ ಗೊತ್ತಿಲ್ಲ."

ಪಾಪಣ್ಣ ಸೆಕ್ರೆಟರಿ ಮನೆಯ ಕ್ಯಾನನ್ನು ಹೆಗಲಿಗೇರಿಸಿದ. ಮನೆ ಮರೆಯಬಾರದೆಂದು ಕ್ಯಾನಿನ ಮೇಲೆ ಸೀಮೆಸುಣ್ಣದಲ್ಲಿ ಮನೆಯ ನಂಬರು ಬರೆದಿಡುವುದು ನೀರಂಗಡಿಯ ರೂಢಿ. ಕ್ಯಾನು ಮುಖದ ಅರ್ಧವನ್ನು ಮುಚ್ಚಿತು.

ಕಟ್ಟಡದೊಳಗೆ ಕಾಲಿಟ್ಟವನು ಕಂಡದ್ದೇನು? ಮಾಲೀಕರ ಲಿಫ್ಟಿನ ಬಾಗಿಲಿಗೆ ಅಡ್ಡವಾಗಿ ಕೆಂಪು ಟೇಪು. ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತ ವಾಚ್‌ಮನ್. ಮೆಟ್ಟಿಲ ಮೇಲೆ, ಎಂಟು ವರ್ಷದಲ್ಲಿ ಒಮ್ಮೆಯೂ ಅಲ್ಲಿ ಕಾಣದಿದ್ದ ಜನ, ಕೆಂಪು ಟೀ ಶರ್ಟು ತೊಟ್ಟು ಬುಸುಬುಸು ಎನ್ನುತ್ತ ಮೇಲಕ್ಕೆ ಓಡುತ್ತಿದ್ದಾರೆ.

"ಏನಣ್ಣ ಇದು?" ಎಂದ ಪಾಪಣ್ಣ.

"ಇವತ್ತು ಯಾರಿಗೂ ಲಿಫ್ಟ್ ಇಲ್ಲ," ಎಂದ ವಾಚ್‌ಮನ್. "ಸೆಕ್ರೆಟರಿ ಆರ್ಡರು."

"ಮನೆಯೋರಿಗೂ?"

"ಮನೆಯೋರಿಗೇ ಇಲ್ಲ ಅಂತಿರೋದು. ಯಾರಾದ್ರೂ ಕದ್ದು ಹತ್ತಿದ್ರೆ ಹಿಡ್ಕೋ ಅಂತ ನನ್ನ ಇಲ್ಲಿ ಕೂರಿಸಿದಾರೆ."

"ಅಯ್ಯೋ ಪಾಪ. ಸೆಕ್ರೆಟರಿ ಎಲ್ಲಿ?"

"ಟೆರೇಸಲ್ಲಿ. ಅವರು ಮುಂಚೇನೇ ಲಿಫ್ಟಲ್ಲಿ ಹೋದ್ರು."

ಅಷ್ಟರಲ್ಲಿ ವಾಚ್‌ಮನ್ನಿನ ಫೋನು ಬಡಿದುಕೊಂಡಿತು. ಇನ್ನೊಂದೇ ಒಂದು ಪ್ರಶ್ನೆ ಕೇಳಿದ್ದರೆ ಇದು ಸಂಘದವರು ಹೃದಯದ ಆರೋಗ್ಯಕ್ಕಾಗಿ ವರ್ಷಕ್ಕೊಮ್ಮೆ, ಪಾಪಣ್ಣನಿಗೆ ರಜೆಯಿರುವ ಭಾನುವಾರವೇ, ನಡೆಸುವ ಮೆಟ್ಟಿಲೋಟದ ಸ್ಪರ್ಧೆ ಎಂದು ತಿಳಿಯುತ್ತಿತ್ತು. ಆದರೆ ಪಾಪಣ್ಣನಿಗೆ ಮರುಕ ಬಂದಾಗಿತ್ತು. ಅವನ ತಲೆಯಲ್ಲಿ ಎರಡೂ ಎರಡೂ ಕೂಡಿ ಐದಾಯಿತು. ತಾನೊಬ್ಬ ಲಿಫ್ಟಲ್ಲಿ ಹೋಗಿ, ಮಿಕ್ಕ ಮಾಲೀಕರಿಗೆಲ್ಲ ಸೆಕ್ರೆಟರಿ ಲಿಫ್ಟ್ ಬಂದ್ ಮಾಡಿಬಿಟ್ಟಿದ್ದಾನೆ. ಮೆಟ್ಟಿಲನ್ನು ಬಯಸಿ ಹತ್ತುವ ಮನುಷ್ಯ ಲೋಕದಲ್ಲಿ ಇರಬಹುದೆಂದು ಊಹಿಸಲು ಅವನಿಗೆ ಯಾವ ಆಧಾರವೂ ಇರಲಿಲ್ಲ.

ಕ್ಯಾನ್ ಹೊರುವವರಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇದೆ. ನಡುವೆ ನಿಲ್ಲಬಾರದು. ನಿಂತರೆ ಹೊರೆ ಇಮ್ಮಡಿಯಾಗುತ್ತದೆ, ಇಳಿಸಿದರೆ ಮತ್ತೆ ಹೆಗಲಿಗೇರಿಸಲು ಇನ್ನೊಬ್ಬ ಬೇಕು. ಯಾರಾದರೂ ಮಾತಾಡಿಸಿದರೆ ಇದ್ದಲ್ಲೇ ಕಾಲು ಎತ್ತಿ ಇಡುತ್ತ ಮಾತಾಡಬೇಕು. ಪಾಪಣ್ಣ ಕಂಬಿಯ ಒಳಮಗ್ಗುಲಿಗೆ ಒತ್ತಿ, ಅಡ್ಡಡ್ಡ ಹೆಜ್ಜೆ ಹಾಕುತ್ತ, "ದಾರಿ, ದಾರಿ" ಎನ್ನುತ್ತ ಹತ್ತಿದ. ಮಂಡಿ ಚಟಪಟ ಎಂದಿತು. ಇವತ್ತೊಂದು ದಿನ ತಡ್ಕೋ ಎಂದು ಅದಕ್ಕೆ ಹೇಳಿದ. ಒಬ್ಬೊಬ್ಬರೇ ಹಿಂದೆ ಬಿದ್ದರು.

ಮೂರನೇ ಮಹಡಿಯಲ್ಲಿ ರಿಟೈರ್ಡ್ ಬ್ಯಾಂಕ್ ಮ್ಯಾನೇಜರು ಕಾಲು ಚಾಚಿ ಗೋಡೆಗೆ ಒರಗಿ ಕೂತಿದ್ದರು. ಮುಖ ಬದನೆಕಾಯಿಯ ಬಣ್ಣ. ಪಾಪಣ್ಣ ಇದ್ದಲ್ಲೇ ಕಾಲಾಡಿಸುತ್ತ ಕೇಳಿದ:

"ಏನ್ ಸಾರ್, ನಿಮಗೂ ಬಂತಾ ಈ ಗತಿ?"

"ಬಂತಪ್ಪ. ನನ್ನ ಹೆಂಡ್ತಿ ಹೆಸರು ಕೊಟ್ಬಿಟ್ಲು."

"ಸ್ವಂತ ಹೆಂಡ್ತೀನೇ?"

"ಅವಳೇ. ಕೊಲೆಸ್ಟ್ರಾಲ್ ಜಾಸ್ತಿ ಆಯ್ತು ಅಂತ."

ಕೊಲೆಯ ವಿಷಯ ಪಾಪಣ್ಣ ಹೆಚ್ಚು ಕೆದಕಲು ಹೋಗಲಿಲ್ಲ. "ದಂಡ ಗಿಂಡ ಕಟ್ಟಿ ತಪ್ಪಿಸ್ಕೋಬಹುದಿತ್ತಲ್ಲ ಸಾರ್?"

"ದಂಡ ಕಟ್ಟೇ ಬಂದಿದೀನಲ್ಲೋ. ಕಟ್ಟಿದ್ಮೇಲೇ ಹತ್ತಕ್ಕೆ ಬಿಟ್ಟಿದ್ದು."

ಕಾಸು ಕೊಟ್ಟು ಮೆಟ್ಟಿಲು ಹತ್ತುವುದು! ತಾನು ಎಂಟು ವರ್ಷದಿಂದ ಪುಕ್ಕಟೆ ಹತ್ತುತ್ತಿರುವುದು ನೆನಪಾಗಿ ಪಾಪಣ್ಣನಿಗೆ ನಾಚಿಕೆಯೇ ಆಯಿತು. "ಇಲ್ಲೇ ಕೂತಿರಿ ಸಾರ್. ನಾನು ಸೆಕ್ರೆಟರಿ ಹತ್ರಾನೇ ಹೋಗ್ತಿದೀನಿ. ನಿಮ್ಮ ವಿಷ್ಯಾನೂ ಮಾತಾಡ್ತೀನಿ," ಎಂದು ಮೇಲಕ್ಕೆ ನುಗ್ಗಿದ.

ಏಳನೇ ಮಹಡಿಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಒಬ್ಬ ಹೆಂಗಸು ಮುಂದಿದ್ದರು. ಪಾಪಣ್ಣ ಸರಿಸಮ ಬಂದಾಗ ಆಕೆ ಹೆಡ್‌ಫೋನ್ ಕಿತ್ತು ಬೆರಗಾಗಿ ನೋಡಿದರು.

"ಭಾರ ಹೊತ್ತು ಓಡ್ತಿದೀರಾ? ನಾನು ಆರು ತಿಂಗಳಿಂದ ಇದಕ್ಕೇ ಒದ್ದಾಡಿದೀನಿ. ನೀವೆಷ್ಟು ದಿನದಿಂದ?"

"ಎಂಟು ವರ್ಷ ಆಯ್ತಮ್ಮ."

"ಎಂಟು ವರ್ಷ. ಯಾರು ನಿಮಗೆ ಹೇಳ್ಕೊಡೋರು?"

"ಹೇಳೋರು ನಮ್ಮ ಯಜಮಾನ್ರು. ತಡ ಆದ್ರೆ ಬೈತಾರೆ."

"ಸ್ಟ್ರಿಕ್ಟ್ ಕೋಚ್. ಊಟಕ್ಕೆ ಏನ್ ತಗೋತೀರಿ?"

"ಸಿಕ್ಕಿದ್ದು."

"ಯಾವಾಗ?"

"ಸಿಕ್ಕಾಗ."

"ಅದೇ, ಅದೇ," ಎಂದು ಆಕೆ ಏದುಸಿರಿನಲ್ಲೇ ಮೆಟ್ಟಿಲ ತುಂಬ ಕೂಗಿದರು. "ಹೊತ್ತು ಬಿಟ್ಟು ಉಣ್ಣೋ ಡಯಟ್. ನಮ್ಮ ಟ್ರೈನರ್ ತಲೆ ಚಚ್ಕೊಂಡು ಹೇಳೋದು ಇದನ್ನೇ."

ಸುದ್ದಿ ಪಾಪಣ್ಣನಿಗಿಂತ ವೇಗವಾಗಿ ಮೆಟ್ಟಿಲು ಹತ್ತಿತು. ಎಂಟು ವರ್ಷ ತಾಲೀಮು ಮಾಡಿದ ಯಾವನೋ ಒಬ್ಬ ಭಾರ ಹೊತ್ತು ಓಡಿ ಬರುತ್ತಿದ್ದಾನಂತೆ. ಒಂದು ನಿಮಿಷವೂ ಕಾಲು ನಿಲ್ಲಿಸುವುದಿಲ್ಲವಂತೆ, ಮಾತಾಡುವಾಗಲೂ ಕುಣಿಯುತ್ತಿರುತ್ತಾನಂತೆ. ಪ್ರತಿ ಮಹಡಿಯಲ್ಲೂ ಬಾಗಿಲುಗಳು ತೆರೆದವು. ಅಜ್ಜಿಯರು, ಮೊಮ್ಮಕ್ಕಳು, ನೀರಿನ ಗ್ಲಾಸು ಹಿಡಿದ ಸೊಸೆಯರು. ಚಪ್ಪಾಳೆಯೋ ಚಪ್ಪಾಳೆ. ಅವನು ದಿನವೂ ಗಂಟೆ ಒತ್ತುವ ಬಾಗಿಲುಗಳೇ ಅವು. ಆದರೆ ಒಬ್ಬರಿಗೂ ಗುರುತು ಸಿಗಲಿಲ್ಲ. "ಎಲ್ಲೋ ನೋಡಿದ ಹಾಗಿದೆ. ಟೀವೀಲಿ ಇರ್ಬೇಕು," ಎಂದರು ಒಬ್ಬ ಅಜ್ಜಿ.

ಇಷ್ಟೊಂದು ಜನ ತನ್ನ ಮೇಲೆ ಭರವಸೆ ಇಟ್ಟಿದ್ದಾರೆಂದು ತಿಳಿದ ಮೇಲೆ ಪಾಪಣ್ಣನ ಎದೆ ಉಬ್ಬಿತು. ತನ್ನೊಬ್ಬನಿಗೆ ಲಿಫ್ಟು ಕೇಳಲು ಹೊರಟವನು ಈಗ ಇಡೀ ಕಟ್ಟಡದ ಮುಖಂಡನಾಗಿದ್ದ. "ಬನ್ನಿ, ಬನ್ನಿ, ಯಾರೂ ಹೆದರ್ಬೇಡಿ. ಎಲ್ಲರೂ ಒಟ್ಟಿಗೆ ಹೋಗಿ ಕೇಳೋಣ," ಎಂದು ಹಿಂದೆ ತಿರುಗಿ ಕೂಗಿದ. ತಮ್ಮನ್ನು ಹುರಿದುಂಬಿಸುತ್ತಿದ್ದಾನೆಂದು ತಿಳಿದ ಸ್ಪರ್ಧಿಗಳು ಉಳಿದ ಉಸಿರನ್ನೆಲ್ಲ ಒಗ್ಗೂಡಿಸಿ ಅವನ ಬೆನ್ನು ಹತ್ತಿದರು.

ಟೆರೇಸಿನ ಬಾಗಿಲಿಗೆ ಅಡ್ಡವಾಗಿ ಒಂದು ರಿಬ್ಬನ್ ಇತ್ತು. ಬಗ್ಗಿ ದಾಟೋಣವೆಂದರೆ ಮಂಡಿ ಮಡಚುವುದಿಲ್ಲ. ಇದೂ ಸೆಕ್ರೆಟರಿಯದೇ ಅಡ್ಡಗಾಲು ಎಂದುಕೊಂಡು ಪಾಪಣ್ಣ ಎದೆ ಕೊಟ್ಟು ಹರಿದುಕೊಂಡೇ ನುಗ್ಗಿದ. ಡಬ್ಬದಂಥ ಸ್ಪೀಕರುಗಳಿಂದ ಸಂಗೀತ ಅಬ್ಬರಿಸಿತು. ಯಾರೋ ಅವನ ಕೊರಳಿಗೆ ಪದಕ ಹಾಕಿದರು. ಹೃದಯದ ದೊಡ್ಡ ಡಾಕ್ಟರೊಬ್ಬರು ಅವತ್ತಿನ ಅತಿಥಿ. ಟ್ರೋಫಿ ಕೊಡುವವರೂ ಅವರೇ. ಎದೆಯ ಮೇಲೆ ನಂಬರು ಹುಡುಕಿ, ಕಾಣದೆ, ಕ್ಯಾನಿನ ಮೇಲಿದ್ದ ನಂಬರನ್ನೇ ಮೈಕಿನಲ್ಲಿ ಸಾರಿದರು. ತಮ್ಮ ಮನೆಯ ನಂಬರು ಕೇಳಿ ಸೆಕ್ರೆಟರಿ ಪುಳಕಿತರಾದರು. ಇದು ಯಾರು, ಹೆಂಡತಿಯ ಕಡೆಯ ನೆಂಟನಿರಬೇಕು ಎಂದುಕೊಂಡು ಅಪ್ಪಿಕೊಳ್ಳಲು ಎರಡು ಹೆಜ್ಜೆ ಮುಂದೆ ಬಂದರು.

"ಎರಡು ಮಾತಾಡಿ," ಎಂದು ಡಾಕ್ಟರು ಮೈಕನ್ನು ಪಾಪಣ್ಣನ ಬಾಯಿಗೆ ಹಿಡಿದರು.

ಪಾಪಣ್ಣ ಕ್ಯಾನು ಇಳಿಸಿದ. ಕೈ ಮುಗಿದ. ಅವನ ಧ್ವನಿ ಕಟ್ಟಡದ ಆಚೆಯ ಬೀದಿಗೂ ಕೇಳಿಸಿತು.

"ಸೆಕ್ರೆಟರಿ ಸಾರ್, ಇವರನ್ನೆಲ್ಲ ಬಿಟ್ಬಿಡಿ. ದೊಡ್ಡ ಮನುಷ್ಯರು, ಅಭ್ಯಾಸ ಇಲ್ಲ. ಮೂರನೇ ಮಹಡೀಲಿ ಯಜಮಾನ್ರೊಬ್ರು ಕಾಲು ಚಾಚ್ಕೊಂಡು ಕೂತಿದಾರೆ, ನೋಡಕ್ಕಾಗಲ್ಲ. ಇವರು ಏನೇ ತಪ್ಪು ಮಾಡಿದ್ರೂ, ಕೊಲೆ ಗಿಲೆ ಅಂತ ಜನ ಏನೇ ಹೇಳಿದ್ರೂ, ಇಂಥ ಶಿಕ್ಷೆ ಬೇಡ. ನಾನು ಎಂಟು ವರ್ಷದಿಂದ ಹತ್ತಿದೀನಿ. ಮೊದಲು ಸೊಂಟ ಹೋಗುತ್ತೆ, ಆಮೇಲೆ ಮಂಡಿ. ಇವರಿಗೆ ಲಿಫ್ಟ್ ಕೊಡಿ ಸಾರ್. ಹಾಗೇ ನನಗೂ."

ಡಾಕ್ಟರು ಮೆಲ್ಲಗೆ ಕೇಳಿದರು: "ಎಂಟು ವರ್ಷದಿಂದ ಲಿಫ್ಟೇ ಹತ್ತಿಲ್ವಾ?"

"ಇಲ್ಲ ಸಾರ್."

"ಒಂದು ಸಲಾನೂ?"

"ಹತ್ತಿದ್ರೆ ಬಿಡಲ್ಲ ಸಾರ್."

"ನೋಡಿದ್ರಾ," ಎಂದು ಡಾಕ್ಟರು ಜನರತ್ತ ತಿರುಗಿದರು, "ಸಂಯಮ ಅಂದ್ರೆ ಇದು. ಮನೆಯೋರೆಲ್ಲ ಸೇರಿ ಇವರನ್ನ ಹೇಗೆ ಕಾಯ್ದಿದಾರೆ."

ಮತ್ತೆ ಚಪ್ಪಾಳೆ. ಅಷ್ಟರಲ್ಲಿ ಸೆಕ್ರೆಟರಿಯ ಹೆಂಡತಿ ಜನರನ್ನು ಸರಿಸಿಕೊಂಡು ಮುಂದೆ ಬಂದರು. ಆಕೆ ಪಾಪಣ್ಣನ ಮುಖ ನೋಡಲಿಲ್ಲ. ನೋಡಿದ್ದು ಕ್ಯಾನನ್ನು.

"ರೀ, ಇದು ನಮ್ಮನೆ ಕ್ಯಾನು."

"ಏನು?"

"ನಮ್ಮನೆ ಕ್ಯಾನು ರೀ. ಅಡುಗೆಮನೆಗೆ ಬರ್ಬೇಕಾಗಿದ್ದು ಇಲ್ಲಿಗ್ಯಾಕೆ ಬಂತು?"

ಸೆಕ್ರೆಟರಿ ಎಂಟು ವರ್ಷಗಳಲ್ಲಿ ಮೊದಲ ಸಲ ಆ ಕ್ಯಾನಿನ ಹಿಂದೆ ಒಂದು ಮುಖವೂ ಇದೆಯೇ ಎಂದು ಪರಿಶೀಲಿಸಿದರು. ದಿನವೂ ಬಾಗಿಲ ಹೊರಗಿಂದ ಬರುವ ಒಂದು ಕೂಗು ಮಾತ್ರ ಅವರಿಗೆ ಗೊತ್ತು.

"ನೀನು... ನೀರು?"

"ಹೌದು ಸಾರ್. ನೀರು," ಎಂದು ಪಾಪಣ್ಣ ಹಿಗ್ಗಿ ಹೇಳಿದ. ಕಡೆಗೂ ಗುರುತು ಹಿಡಿದರಲ್ಲ.

ಆಮೇಲೆ ನಡೆದದ್ದನ್ನು ಗದ್ದಲ ಎಂದರೆ ಗದ್ದಲಕ್ಕೆ ಕೋಪ ಬರುತ್ತದೆ. ಕೊರಳಿನಿಂದ ಪದಕ ಹೊರಟುಹೋಯಿತು. ಸೆಕ್ರೆಟರಿಯ ಕಿವಿ, ಮೂಗು, ಬೋಳುತಲೆ ಒಂದಾದ ಮೇಲೊಂದು ಕೆಂಪಾದವು. "ನೀರಂಗಡಿಗೆ ಫೋನ್ ಮಾಡ್ತೀನಿ. ನಾಳೆಯಿಂದ ಇವನು ಈ ಕಟ್ಟಡದಲ್ಲಿ ಕಾಲಿಡ್ಬಾರ್ದು," ಎಂದು ಅವರು ಜೇಬಿಗೆ ಕೈ ಹಾಕಿದರು. ಪಾಪಣ್ಣ ಮತ್ತೆ ಕೈ ಮುಗಿದ. ಲಿಫ್ಟು ಹಾಳಾಗಲಿ, ಇದ್ದ ಮೆಟ್ಟಿಲೂ ಹೋಯಿತು.

ಡಾಕ್ಟರು ಮಾತ್ರ ನೆಲಕ್ಕೆ ಕೂತು ಪಾಪಣ್ಣನ ಪ್ಯಾಂಟು ಮಡಚಿ ಮಂಡಿ ಒತ್ತಿ ನೋಡುತ್ತಿದ್ದರು. "ಈ ಮಂಡಿ ಇಟ್ಕೊಂಡು ಹತ್ತಿದಿರಾ?" ಎಂದರು. "ಇದು ಊದಿ ಗುಂಡುಕಲ್ಲಾಗಿದೆ. ನೀವು ಮೆಟ್ಟಿಲು ಮುಟ್ಟಬಾರದು. ನೀವು ಈಜಬೇಕು."

"ದೊಡ್ಡಾಸ್ಪತ್ರೇಲೂ ಅದನ್ನೇ ಅಂದ್ರು ಸಾರ್. ಎಲ್ಲಿ?"

ಡಾಕ್ಟರು ಕೈ ಎತ್ತಿ ತೋರಿಸಬೇಕಾಗಿಯೇ ಇರಲಿಲ್ಲ. ಎಲ್ಲರ ಕತ್ತೂ ತಾನಾಗಿ ತಿರುಗಿತು. ಅವರು ನಿಂತಿದ್ದೇ ಟೆರೇಸಿನ ಈಜುಕೊಳದ ದಂಡೆಯಲ್ಲಿ. ನೀಲಿ ನೀರು ಒಂದು ಅಲೆಯೂ ಇಲ್ಲದೆ ಬಿಸಿಲಿಗೆ ಮಲಗಿತ್ತು. ಅದಕ್ಕೆ ಯಾರೂ ಇಳಿದು ತಿಂಗಳುಗಳಾಗಿದ್ದವು.

"ಅದರಲ್ಲಿ ಕೆಮಿಕಲ್ ಹಾಕಿದೀವಿ," ಎಂದು ಸೆಕ್ರೆಟರಿ ಕೊಳಕ್ಕೂ ಪಾಪಣ್ಣನಿಗೂ ನಡುವೆ ಬಂದು ನಿಂತರು. "ಇವರಿಗೆ ಒಗ್ಗಲ್ಲ."

"ಹಾಗಾದ್ರೆ ಟ್ರೋಫಿಯಾದ್ರೂ ಕೊಡಿ. ಮೊದಲು ಬಂದಿದ್ದು ಇವರು," ಎಂದರು ಡಾಕ್ಟರು.

ಇದನ್ನು ಕೇಳಿ ಹೆಡ್‌ಫೋನಿನಾಕೆ ಸಿಡಿದರು. "ಅದ್ ಹೇಗೆ ಸಾರ್? ಇವರು ದಿನಾ ಪ್ರಾಕ್ಟೀಸ್ ಮಾಡ್ತಾರೆ. ಅದೂ ನಮ್ಮ ಮೆಟ್ಟಿಲಲ್ಲಿ. ನಾನು ಜಿಮ್ಮಿಗೆ ಸುರಿದಿರೋ ದುಡ್ಡಿಗೆ ಇನ್ನೊಂದು ಮನೆ ಬರೋದು."

"ಕರೆಕ್ಟ್," ಎಂದರು ಇನ್ನೊಬ್ಬರು. "ಇವರೆಲ್ಲ ಚಿಕ್ಕಂದಿನಿಂದ ಹೊತ್ತೂ ಹೊತ್ತೂ ಗಟ್ಟಿಯಾಗಿರ್ತಾರೆ. ನಮಗೆ ಆ ಸೌಲಭ್ಯ ಎಲ್ಲಿತ್ತು? ನಮ್ಮಪ್ಪ ನನ್ನ ಕೈಲಿ ಒಂದು ಚೀಲಾನೂ ಹೊರಿಸ್ಲಿಲ್ಲ."

"ನಮಗೆ ಅನ್ಯಾಯ ಆಗಿದೆ."

"ಸಮಾನ ಅವಕಾಶ ಇರ್ಬೇಕು."

ನೋಡುನೋಡುತ್ತಿದ್ದಂತೆ ಟೆರೇಸಿನ ತುಂಬ ತುಳಿತಕ್ಕೊಳಗಾದವರ ಆಕ್ರಂದನ ಎದ್ದಿತು. ಓದುಗರೇ, ಅನ್ಯಾಯದ ವಿರುದ್ಧ ಇಷ್ಟು ಒಗ್ಗಟ್ಟಾಗಿ, ಕೈಯಲ್ಲಿ ಹಣ್ಣಿನ ರಸದ ಗ್ಲಾಸು ಹಿಡಿದು, ದನಿ ಎತ್ತಿದ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ.

"ಕೆಲಸದೋರು ಓಡ್ಬಾರ್ದು ಅಂತ ರೂಲ್ಸ್ ಮಾಡೋಣ," ಎಂದರು ಸೆಕ್ರೆಟರಿ.

"ಮಾಡಿ," ಎಂದು ಡಾಕ್ಟರು ಎದ್ದು ಕೈ ಒರೆಸಿಕೊಂಡರು. "ಮುಂದಿನ ವರ್ಷದಿಂದ ನಾನೂ ಬರಲ್ಲ, ನಮ್ಮ ಟ್ರೋಫಿನೂ ಬರಲ್ಲ. ಎಲ್ಲರಿಗೂ ಮುಕ್ತ ಅಂತ ಬ್ಯಾನರಲ್ಲಿ ಹಾಕ್ಸಿದೀರಿ."

ಸಂಘ ಇಕ್ಕಟ್ಟಿಗೆ ಸಿಲುಕಿತು. ಕೆಲಸದವರನ್ನು ಸ್ಪರ್ಧೆಯಿಂದ ಹೊರಗಿಟ್ಟರೆ ಟ್ರೋಫಿ ಇಲ್ಲ. ಒಳಗೆ ಬಿಟ್ಟರೆ ಟ್ರೋಫಿ ಇವರಿಗಿಲ್ಲ. ಕಸ ಗುಡಿಸುವವಳು ದಿನಕ್ಕೆರಡು ಸಲ ಹತ್ತುತ್ತಾಳೆ. ಅಡುಗೆಯಾಕೆ ನಾಲ್ಕು ಮನೆ ಹತ್ತಿ ಇಳಿಯುತ್ತಾಳೆ. ಪೇಪರಿನವನಂತೂ ಬೆಳಕು ಹರಿಯುವ ಮೊದಲೇ ಹತ್ತಿ ಮುಗಿಸಿರುತ್ತಾನೆ. ಕಟ್ಟಡದ ತುಂಬ ಗುಟ್ಟಾಗಿ ತಾಲೀಮು ನಡೆಸುತ್ತಿರುವ ಆಟಗಾರರೇ.

ಹೆಡ್‌ಫೋನಿನಾಕೆಗೆ ಉಪಾಯ ಹೊಳೆಯಿತು. "ಪ್ರಾಕ್ಟೀಸ್ ನಿಲ್ಲಿಸ್ಬೇಕು. ಅಷ್ಟೆ. ಇವರನ್ನ ಮೆಟ್ಟಿಲು ಹತ್ತಕ್ಕೇ ಬಿಡ್ಬಾರ್ದು."

"ಮತ್ತೆ ನೀರು ಹೇಗೆ ಬರುತ್ತೆ?" ಎಂದರು ಸೆಕ್ರೆಟರಿಯ ಹೆಂಡತಿ.

"ಲಿಫ್ಟಲ್ಲಿ."

ಪಾಪಣ್ಣನ ಮುಖ ಅರಳಿತು. "ಅಮ್ಮ, ಅದನ್ನೇ ಕೇಳಕ್ಕೆ..." ಎಂದು ಅವನು ಬಾಯಿ ತೆರೆಯುವುದಕ್ಕೂ, ಅವನ ಎಡ ಪಾದದ ಮೇಲೆ ಒಂದು ಚಪ್ಪಲಿ ಕಾಲು ಧಡ್ ಎಂದು ಇಳಿಯುವುದಕ್ಕೂ ಸರಿಹೋಯಿತು. "ಅಯ್ಯಯ್ಯೋ" ಎಂದು ಅವನು ಕುಸಿದ.

ಕಾಲು ಅವನ ಹೆಂಡತಿಯದು. ಮೈಕಿನಲ್ಲಿ ಗಂಡನ ಧ್ವನಿ ಕೇಳಿದ್ದೇ ತಡ, ಇಸ್ತ್ರಿ ಬಿಟ್ಟು, ಹನ್ನೆರಡು ಮಹಡಿಯನ್ನೂ ಒಂದೇ ಉಸಿರಿಗೆ ಹತ್ತಿ ಬಂದಿದ್ದಳು. ಬಾಗಿಲ ಬಳಿ ಹಣ್ಣಿನ ರಸದ ತಟ್ಟೆ ಹಿಡಿದು ನಿಂತಿದ್ದ ಅಡುಗೆಯಾಕೆಯ ಕಿವಿಯಲ್ಲಿ ಎರಡು ಮಾತು ಕೇಳಿ ತಿಳಿದುಕೊಂಡಿದ್ದಳು. ಉಳಿದದ್ದು ಅವಳ ತಲೆಗೆ ತಾನೇ ಹೊಳೆದಿತ್ತು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಸೆಕ್ರೆಟರಿಯ ಮುಂದೆ ನಿಂತಳು.

"ಬೇಕಾದ್ರೆ ಹೊಡೀರಿ ಸಾರ್, ಬೈರಿ. ಮೆಟ್ಟಿಲು ಮಾತ್ರ ಕಿತ್ಕೋಬೇಡಿ."

"ಯಾರಮ್ಮ ನೀನು?"

"ಇವರ ಹೆಂಡ್ತಿ ಸಾರ್. ಇಸ್ತ್ರಿಯವಳು. ನಮ್ಮ ಮನೇಲಿ ಆಸ್ತಿ ಇಲ್ಲ, ಒಡವೆ ಇಲ್ಲ. ಇರೋದು ಇವರ ತಾಲೀಮು ಒಂದೇ. ಲಿಫ್ಟಲ್ಲಿ ಹೋಗಿ ಹೋಗಿ ಇವರೂ ನಿಮ್ಮ ಹಾಗೇ ಆಗೋದ್ರೆ ನಾನೇನ್ ಮಾಡ್ಲಿ?"

ಸೆಕ್ರೆಟರಿಯ ಕಣ್ಣು ಹೊಳೆಯಿತು. ಪೆಟ್ಟು ಎಲ್ಲಿ ತಗಲುತ್ತದೆ ಎಂದು ಅವರಿಗೆ ಗೊತ್ತಾಯಿತು. ಫೋನು ಜೇಬಿಗೆ ವಾಪಸಾಯಿತು.

"ಆಗ್ಲಿ. ನಮ್ಮ ಹಾಗೇ ಆಗ್ಲಿ. ನಾಳೆಯಿಂದ ಇವನು ಲಿಫ್ಟಲ್ಲೇ ಹೋಗ್ಬೇಕು, ಲಿಫ್ಟಲ್ಲೇ ಬರ್ಬೇಕು."

ಪಾಪಣ್ಣ ಕೆಳಗಿನಿಂದ, "ತುಂಬ ಉಪ..." ಎಂದು ಆರಂಭಿಸಿದ. ಎರಡನೆಯ ಪಾದದ ಮೇಲೂ ಚಪ್ಪಲಿ ಬಿತ್ತು. ಅವನ ಚೀತ್ಕಾರ ಕೇಳಿ ಸೆಕ್ರೆಟರಿಗೆ ಇನ್ನಷ್ಟು ಹುರುಪು ಬಂತು.

"ನೋಡಿ, ಹೇಗೆ ನೊಂದ್ಕೋತಾರೆ," ಎಂದು ಹೆಂಡತಿ ಬಿಕ್ಕಿದಳು. "ಹೋಗ್ಲಿ, ಇವರೊಬ್ಬರಿಗೇ ಸಾಕು ಸಾರ್. ಅಡುಗೆ ಅಕ್ಕನಿಗೆ ಮೆಟ್ಟಿಲು ಬಿಟ್ಬಿಡಿ. ಕಸದ ಚಿಕ್ಕಮ್ಮನಿಗೆ ಬಿಟ್ಬಿಡಿ. ಮುಂದಿನ ವರ್ಷ ಅವರಾದ್ರೂ ಟ್ರೋಫಿ ತರ್ಲಿ."

"ಯಾರಿಗೂ ಇಲ್ಲ," ಎಂದು ಸೆಕ್ರೆಟರಿ ಮೇಜು ಗುದ್ದಿದರು. ಗ್ಲಾಸುಗಳು ಕುಣಿದವು. "ಅಡುಗೆ, ಕಸ, ಪೇಪರ್, ಹಾಲು, ಇಸ್ತ್ರಿ, ಯಾರೊಬ್ಬರೂ ಮೆಟ್ಟಿಲ ಮೇಲೆ ಕಾಲಿಡ್ಬಾರ್ದು. ಇಟ್ರೆ ಕೆಲಸದಿಂದ ತೆಗೀತೀನಿ."

"ನಾಳೆಯಿಂದ ತಾನೇ ಸಾರ್? ಇವತ್ತೊಂದು ದಿನ..."

"ಇವತ್ತಿಂದ. ಈ ಕ್ಷಣದಿಂದ. ಯಾರಲ್ಲಿ, ಇವರಿಬ್ಬರನ್ನ ಲಿಫ್ಟಿಗೆ ಹತ್ತಿಸಿ."

ಸಭೆ ಚಪ್ಪಾಳೆ ತಟ್ಟಿತು. ಹೆಡ್‌ಫೋನಿನಾಕೆ ಕಣ್ಣೊರೆಸಿಕೊಂಡರು. ಕಡೆಗೂ ನ್ಯಾಯ ಸಿಕ್ಕಿತ್ತು. ಡಾಕ್ಟರು ಮಾತ್ರ ಇಸ್ತ್ರಿಯವಳನ್ನೇ ದಿಟ್ಟಿಸಿ ನೋಡಿ, ನಗು ತಡೆಯಲಾರದೆ ಕೊಳದ ಕಡೆ ತಿರುಗಿ ಕೆಮ್ಮತೊಡಗಿದರು.

ಲಿಫ್ಟಿನ ಬಾಗಿಲು ಮುಚ್ಚಿಕೊಂಡಿತು. ಒಳಗೆ ನಾಲ್ಕೂ ಕಡೆ ಕನ್ನಡಿ, ತಲೆಯ ಮೇಲೆ ತಣ್ಣನೆ ಗಾಳಿ. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಭುಜಗಳು ಅದುರುತ್ತಿದ್ದವು. ಪಾಪಣ್ಣ ಅವಳ ಬೆನ್ನು ಸವರಿದ.

"ಅಳ್ಬೇಡ ಕಣೇ," ಎಂದ. "ಸಂಜೆ ಅವರ ಕೋಪ ಇಳಿದ್ಮೇಲೆ ನಾನೇ ಹೋಗಿ ಕಾಲು ಹಿಡ್ಕೊಂಡು ನಿನ್ನ ಮೆಟ್ಟಿಲನ್ನ ವಾಪಸ್ ಕೇಳ್ತೀನಿ."

ಅವಳು ಸೆರಗು ತೆಗೆದಳು. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂದಿತ್ತು.

"ಕೇಳಿ ನೋಡಿ," ಎಂದಳು. "ಇನ್ನೂ ನಿಮ್ಮ ಎಡ ಮಂಡಿ ಒಂದು ಚೆನ್ನಾಗಿದೆ."

ಕೆಳಗೆ ಬಾಗಿಲು ತೆರೆದಾಗ ಎದುರಿಗೆ ಜನ. ಮೈಕು ಆರಿಸಲು ಯಾರಿಗೂ ನೆನಪಾಗಿರಲಿಲ್ಲವಾದ್ದರಿಂದ ಸೆಕ್ರೆಟರಿಯ ಆಜ್ಞೆ ಬೀದಿಗೆಲ್ಲ ಮುಟ್ಟಿತ್ತು. ಕಸ ಗುಡಿಸುವ ಚಿಕ್ಕಮ್ಮ ಪೊರಕೆ ಸಮೇತ ಬಂದಿದ್ದಳು. ಹಾಲಿನವನು, ಪೇಪರಿನವನು, ಕಾರು ತೊಳೆಯುವ ಇಬ್ಬರು. ವಾಚ್‌ಮನ್ ಟೇಪು ಕಿತ್ತು ಮುದ್ದೆ ಮಾಡಿ ಎಸೆದಿದ್ದ.

"ನಿಜವಾಗ್ಲೂ ಹತ್ಬಹುದಾ?" ಎಂದಳು ಚಿಕ್ಕಮ್ಮ.

"ಹತ್ಬಹುದಲ್ಲ, ಹತ್ಲೇಬೇಕು. ಮೆಟ್ಟಿಲು ಮುಟ್ಟಿದ್ರೆ ಕೆಲಸ ಹೋಗುತ್ತೆ," ಎಂದಳು ಪಾಪಣ್ಣನ ಹೆಂಡತಿ.

ಎಲ್ಲರೂ ನುಗ್ಗಿದರು. ಲಿಫ್ಟು ಗಿಜಿಗುಟ್ಟಿತು. "ಯಾವ ಮಹಡಿ?" ಎಂದು ಹಾಲಿನವನು ಗುಂಡಿಗಳ ಮುಂದೆ ಬೆರಳು ಹಿಡಿದು ಕೇಳಿದ. ಭಾನುವಾರ ಆ ಹೊತ್ತಿನಲ್ಲಿ ಯಾವ ಮಹಡಿಯಲ್ಲೂ ಯಾರಿಗೂ ಕೆಲಸವಿರಲಿಲ್ಲ. "ಎಲ್ಲಾನೂ ಒತ್ತೋ," ಎಂದಳು ಚಿಕ್ಕಮ್ಮ. ಅವನು ಎಲ್ಲವನ್ನೂ ಒತ್ತಿದ.

ಲಿಫ್ಟು ಟೆರೇಸಿಗೆ ಹೋಯಿತು, ಅಡುಗೆಯಾಕೆಯನ್ನು ಹತ್ತಿಸಿಕೊಂಡು ಇಳಿಯಿತು, ಮತ್ತೆ ಹೋಯಿತು. ಟೆರೇಸಿನಲ್ಲಿ ಗುಂಡಿ ಒತ್ತೊತ್ತಿ, ಪ್ರತಿ ಸಲವೂ ತುಂಬಿಯೇ ಬರುವ ಲಿಫ್ಟು ಕಂಡು ಸೋತ ಮಾಲೀಕರು ಕಡೆಗೆ ಮೆಟ್ಟಿಲ ದಾರಿ ಹಿಡಿದರು. ಒಳಗೆ ಕನ್ನಡಿಯಲ್ಲಿ ಕಸದ ಚಿಕ್ಕಮ್ಮ ತನ್ನ ಮುಖವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ನೋಡಿಕೊಂಡಳು. ಮೇಲೆ ಹೋಗುವಾಗ ಹೊಟ್ಟೆಯಲ್ಲಿ ಚಿಟ್ಟೆ ಆಡಿದಂತಾಗುತ್ತದೆ ಎಂದು ಪೇಪರಿನವನು ಹೇಳಿದಾಗ, ಹೌದು ಹೌದು, ನನಗೂ ಎಂದು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಾಪಣ್ಣ ಎರಡೂ ಕಾಲು ಚಾಚಿ ಮೂಲೆಯಲ್ಲಿ ಕೂತಿದ್ದ. ಮಂಡಿ ಸದ್ದು ಮಾಡಲಿಲ್ಲ.

ಮೂರನೇ ಮಹಡಿಯಲ್ಲಿ ಬಾಗಿಲು ತೆರೆಯಿತು. ರಿಟೈರ್ಡ್ ಮ್ಯಾನೇಜರು ಗೋಡೆ ಹಿಡಿದುಕೊಂಡು ನಿಂತಿದ್ದರು. ಒಳಗಿನ ಜಾತ್ರೆಯನ್ನು ಕಣ್ಣು ಕಿರಿದಾಗಿಸಿ ನೋಡಿದರು.

"ಮೇಲಕ್ಕೋ, ಕೆಳಕ್ಕೋ?" ಎಂದು ಕೇಳಿದರು.

"ಎರಡೂ ಅಲ್ಲ ಸಾರ್," ಎಂದಳು ಪಾಪಣ್ಣನ ಹೆಂಡತಿ. "ನಾವು ಆಟ ಆಡ್ತಿದೀವಿ."

ಬಾಗಿಲು ಮುಚ್ಚಿಕೊಂಡಿತು.